‘ಒಣಗಿದೆ’ ಎಂದು ಬರೆದ ಸಂಜೆ

ಸ್ವೀಡನ್ನಿಗೆ ಒಯ್ಯಬೇಕಾದ ಸಾಮಾನಿನ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದದ್ದು ಎರಡು ಸಾವಿರದ ಇಸವಿಯ ವಸಂತದಲ್ಲಿ. ನಾನಾಗ ಕ್ಯೋಟೋದಲ್ಲಿ ಜೌಗುನೆಲದ ನೀರಿನ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೆ. ಸೆಪ್ಟೆಂಬರಿನಲ್ಲಿ ನಮ್ಮ ಲ್ಯಾಬಿನವರು ಉತ್ತರ ಸ್ವೀಡನ್ನಿನ ಜೌಗುಗಳಲ್ಲಿ ಎರಡು ವಾರ ಟೆಂಟು ಹಾಕಿಕೊಂಡಿದ್ದು, ನೀರಿನ ಮಟ್ಟ ಅಳೆಯುವ ಯಂತ್ರಗಳನ್ನು ಹೂಳಿ ಬರಬೇಕಿತ್ತು. ಅದಕ್ಕೆ ಮೊದಲು, ಜೂನಿನಲ್ಲಿ, ಆ ಸಾಮಾನನ್ನೆಲ್ಲ ಹೊತ್ತು ಜಪಾನಿನದೇ ಒಂದು ಬೆಟ್ಟಕ್ಕೆ ಮೂವರು ಹೋದೆವು. ಇಬ್ಬರು ನಡೆದುಕೊಂಡು ಇಳಿದೆವು. ಪಟ್ಟಿ ನನ್ನದು, ತಪಾಸಣೆಯ ಪುಸ್ತಕವೂ ನನ್ನದು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಸ್ವೀಡನ್ನಿನ ಸಹಸಂಶೋಧಕರು ಇಮೇಲಿನಲ್ಲಿ ಅಲ್ಲಿನ ನೆಲದ ವಿವರ ಕಳಿಸಿದ್ದರು. ಒಂದು ದಿನದ ನಡಿಗೆಯಲ್ಲಿ ನಾಲ್ಕು ಥರದ ನೆಲ ಸಿಗುತ್ತದೆ: ಕರಿ ಕೆಸರಿನ ಬರ್ಚ್ ಮರಗಳ ಕಾಡು, ಹಲಗೆ ಹಾಸಿದ ಜೌಗು, ಮರಗಳು ಮುಗಿದ ಮೇಲೆ ಪಾಚಿ ಹಿಡಿದ ಕಲ್ಲಿನ ಇಳಿಜಾರು, ನಡುವೆ ಮೊಣಕಾಲು ಮುಳುಗುವ ಹೊಳೆಗಳು. ಮಳೆ ಜೋರಾಗಿ ಬರುವುದಿಲ್ಲ, ಆದರೆ ನಿಲ್ಲುವುದೂ ಇಲ್ಲ. ಸಾಮಾನು ಒದ್ದೆಯಾಗದಂತೆ ನೋಡಿಕೊಳ್ಳುವ ಆಸೆ ಬಿಡಿ, ಒದ್ದೆಯಾದ ಮೇಲೂ ಕೆಲಸಕ್ಕೆ ಬರುವಂಥದ್ದನ್ನು ಆರಿಸಿ ಎಂದು ಅವರು ಬರೆದಿದ್ದರು.

ನಮ್ಮ ಪ್ರೊಫೆಸರನ್ನು ಎಲ್ಲರಂತೆ ನಾವೂ ಸೆನ್ಸೇ ಎನ್ನುತ್ತಿದ್ದೆವು. ಅವರು ಆ ಪತ್ರವನ್ನು ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿದರು. ಸ್ವೀಡನ್ನಿಗೆ ಹೋಗುವ ಪ್ರತಿ ವಸ್ತುವೂ ಮೊದಲು ನಮ್ಮ ಬೆಟ್ಟದಲ್ಲಿ ಮೂರು ದಿನ, ಎರಡು ರಾತ್ರಿ ಬಳಕೆಯಾಗಿರಬೇಕು ಎಂಬುದು ಅವರ ನಿಯಮ.

ನನ್ನ ಜತೆಗೆ ಇಬ್ಬರನ್ನು ಕೊಟ್ಟರು. ಒಬ್ಬರು ಲ್ಯಾಬಿನ ಹಿರಿಯ ತಂತ್ರಜ್ಞರು. ಐವತ್ತು ದಾಟಿದವರು, ಮೂವತ್ತು ವರ್ಷ ಬೆಟ್ಟಗಳಲ್ಲೇ ಯಂತ್ರ ಹೂಳಿದವರು. ಅವರ ಹೆಸರು ಬರೆಯುವುದಿಲ್ಲ. ನಾವು ಅವರನ್ನು ಕರೆಯುತ್ತಿದ್ದದ್ದು ಸೆನ್ಪಾಯ್ ಎಂದು, ಅಂದರೆ ನಮಗಿಂತ ಮೊದಲು ಬಂದವರು. ಇನ್ನೊಬ್ಬ ಕಾವಾಸಾಕಿಯ ಒಂದು ಕಂಪನಿಯಲ್ಲಿದ್ದ ಸಾಫ್ಟ್‌ವೇರ್ ಇಂಜಿನಿಯರ್, ಮೈಸೂರಿನವನು, ಇಪ್ಪತ್ತಾರು ವರ್ಷ. ಇಸವಿ ಎರಡು ಸಾವಿರಕ್ಕೆ ತಿರುಗುವಾಗ ಕಂಪ್ಯೂಟರುಗಳು ಕೆಡದಂತೆ ನೋಡಿಕೊಳ್ಳುವ ವೈ-ಟು-ಕೆ ಕೆಲಸಕ್ಕೆಂದು ಜಪಾನಿಗೆ ಬಂದಿದ್ದ. ಜನವರಿ ಒಂದನೇ ತಾರೀಖು ಏನೂ ಆಗದೆ ಕಳೆದುಹೋದ ಮೇಲೆ ಕಂಪನಿ ಅವನನ್ನು ನಮ್ಮ ಯಂತ್ರಗಳಿಗೆ ಪ್ರೋಗ್ರಾಂ ಬರೆಯಲು ಕಳಿಸಿತ್ತು. ಮೊದಲ ದಿನವೇ ನನ್ನನ್ನು ಅಕ್ಕ ಎಂದು ಕರೆದ, ಅಲ್ಲಿಂದ ಮುಂದೆ ನಾನು ಅಕ್ಕನೇ ಆದೆ. ಸೆನ್ಸೇಯ ನಿಯಮ ಕೇಳಿ ಅವನು ಖುಷಿಪಟ್ಟ. ಸ್ವೀಡನ್ ಅಂದರೆ ನಿಜವಾದ ಬಳಕೆಯ ಪ್ರೊಡಕ್ಷನ್, ನಮ್ಮ ಬೆಟ್ಟ ಮೊದಲು ಪರೀಕ್ಷಿಸಿ ನೋಡುವ ಟೆಸ್ಟ್ ಸರ್ವರ್, ಇಷ್ಟು ಬುದ್ಧಿ ತನ್ನ ಮ್ಯಾನೇಜರಿಗೂ ಇದ್ದಿದ್ದರೆ ಎರಡು ವರ್ಷ ನಿದ್ದೆಗೆಡಬೇಕಿರಲಿಲ್ಲ ಎಂದ.

ಏಪ್ರಿಲ್, ಮೇ ಎರಡು ತಿಂಗಳೂ ಆಯ್ಕೆಯಲ್ಲೇ ಕಳೆದವು. ಬೂಟಿನಿಂದ ಶುರುಮಾಡಿದೆವು. ಅಂಗಡಿಯವರು ತೋರಿಸಿದ್ದು ಒಳಗೆ ನೀರು ತಡೆಯುವ ಪದರವಿದ್ದ ಚರ್ಮದ ಬೂಟು. ಸೆನ್ಪಾಯ್ ಒಂದು ಜೊತೆ ಅದನ್ನೂ, ಒಂದು ಜೊತೆ ಮೊಣಕಾಲುದ್ದದ ರಬ್ಬರ್ ಬೂಟನ್ನೂ ತರಿಸಿದರು. ಇಂಜಿನಿಯರ್ ಕ್ಯಾಂಪಸ್ಸಿನ ಹಿಂದಿನ ಕೊಳದಲ್ಲಿ ಎಡಗಾಲಿಗೆ ಒಂದು, ಬಲಗಾಲಿಗೆ ಇನ್ನೊಂದು ಹಾಕಿಕೊಂಡು ಒಂದು ಗಂಟೆ ನಿಂತ. ಹೋಗುವ ಬರುವ ವಿದ್ಯಾರ್ಥಿಗಳಿಗೆಲ್ಲ ಗಂಭೀರವಾಗಿ ತಲೆಬಾಗುತ್ತಿದ್ದ. ಚರ್ಮದ ಬೂಟು ನೀರು ತಡೆಯಿತು ನಿಜ, ಆದರೆ ಮೇಲಿನಿಂದ ಒಂದು ಸಲ ನೀರು ಒಳಹೋದ ಮೇಲೆ ನಾಲ್ಕು ದಿನವಾದರೂ ಒಣಗಲಿಲ್ಲ. ರಬ್ಬರ್ ಬೂಟನ್ನು ಮಗುಚಿ, ಒಳಹಾಸು ತೆಗೆದು, ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಪಟ್ಟಿಯಲ್ಲಿ ರಬ್ಬರ್ ಬೂಟು ಎಂದು ಬರೆದು, ತಲಾ ಎರಡು ಜೊತೆ ಉಣ್ಣೆಯ ಒಳಹಾಸು ಸೇರಿಸಿದೆ.

ಟೆಂಟುಗಳನ್ನು ಕಟ್ಟಡದ ತಾರಸಿಯ ಮೇಲೆ ಹಾಕಿ ಪೈಪಿನಿಂದ ನೀರು ಬಿಟ್ಟೆವು. ಒಂದೇ ಪದರದ ಹಗುರ ಟೆಂಟಿನಲ್ಲಿ ಹೊರಗಿನ ನೀರು ಬರಲಿಲ್ಲ, ಆದರೆ ಒಳಗೆ ಕೂತ ನಮ್ಮ ಉಸಿರೇ ಹನಿಯಾಗಿ ಗೋಡೆಯಲ್ಲಿ ಇಳಿಯಿತು. ಎರಡು ಪದರದ್ದು ಭಾರ, ಆದರೆ ಆ ಹನಿ ಹೊರಪದರದ ಮೇಲೇ ಉಳಿಯುತ್ತದೆ. ಎರಡು ಪದರದವೇ ಎರಡನ್ನು ಆರಿಸಿದೆವು, ಒಂದು ಇಬ್ಬರಿಗೆ, ಒಂದು ನನಗೆ.

ಮಲಗುವ ಚೀಲದ ವಿಷಯ ಬೇಗ ಮುಗಿಯಲಿಲ್ಲ. ಬಾತುಕೋಳಿಯ ಪುಕ್ಕ ತುಂಬಿದ ಚೀಲ ಒಂದು ಕಿಲೋ ಕೂಡ ಇಲ್ಲ, ಕೈಯಲ್ಲಿ ಹಿಚುಕಿದರೆ ಒಂದು ಚೊಂಬಿನಷ್ಟಾಗುತ್ತದೆ. ಕೃತಕ ನಾರು ತುಂಬಿದ್ದು ಹತ್ತಿರ ಹತ್ತಿರ ಅದರ ಎರಡರಷ್ಟು ಭಾರ. ಎರಡನ್ನೂ ತೊಟ್ಟಿಯಲ್ಲಿ ನೆನೆಸಿ, ಹಿಂಡಿ, ನೇತುಹಾಕಿದೆವು. ನಾರಿನ ಚೀಲ ಮರುದಿನಕ್ಕೆ ಒಣಗಿತು. ಪುಕ್ಕದ ಚೀಲ ಮೂರನೆಯ ದಿನವೂ ಅಲ್ಲಲ್ಲಿ ಗಂಟುಗಂಟಾಗಿ, ನಡುವೆ ಬರೀ ಬಟ್ಟೆಯಾಗಿ ಜೋತುಬಿದ್ದಿತ್ತು. ಅಂದರೆ ನಮಗೆ ಗೊತ್ತಿತ್ತು. ಆದರೂ ವಿಮಾನದಲ್ಲಿ ಒಯ್ಯುವ ಭಾರಕ್ಕೆ ಮಿತಿಯಿದ್ದ ಕಾರಣ ಒಂದನ್ನಾದರೂ ಬೆಟ್ಟದಲ್ಲಿ ಪರೀಕ್ಷಿಸಬೇಕು ಎಂದರು ಸೆನ್ಸೇ. ಸೆನ್ಪಾಯ್ ಅದನ್ನು ತಾವೇ ತೆಗೆದುಕೊಂಡರು. ಒದ್ದೆ ಮಾಡದೆ ಮಲಗುವುದು ಮೂವರಲ್ಲಿ ನನಗೊಬ್ಬನಿಗೇ ಗೊತ್ತು ಎಂದು ನಕ್ಕರು. ನಾನು ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಪುಕ್ಕ ಎಂದು ಬರೆದೆ.

ಉಳಿದದ್ದು ಬಟ್ಟೆ. ಸೆನ್ಪಾಯ್ ಮೂರು ಕೆಂಪು ಚೀಲ ತಂದರು. ಬಾಯನ್ನು ಮೂರು ಸುತ್ತು ಸುತ್ತಿ ಕೊಂಡಿ ಹಾಕಿದರೆ ನೀರಿನಲ್ಲಿ ಮುಳುಗಿಸಿದರೂ ಒಳಗೆ ಹನಿ ಹೋಗದು. ಒಂದೊಂದರಲ್ಲೂ ಒಂದು ಉಣ್ಣೆಯ ಅಂಗಿ, ಒಂದು ಉಣ್ಣೆಯ ಉದ್ದ ಚಡ್ಡಿ, ಸಾಕ್ಸು, ಟೋಪಿ. ಅದನ್ನು ಬಿಚ್ಚಬೇಕಾದದ್ದು ಸಂಜೆ ಟೆಂಟಿನೊಳಗೆ ಮಾತ್ರ. ಬೆಳಿಗ್ಗೆ ಎದ್ದು ಅದನ್ನು ಕಳಚಿ, ಮತ್ತೆ ಚೀಲಕ್ಕೆ ತುಂಬಿ, ಹಿಂದಿನ ದಿನದ ಒದ್ದೆ ಬಟ್ಟೆಯನ್ನೇ ಹಾಕಿಕೊಂಡು ನಡೆಯಬೇಕು. ನಡೆಯುವಾಗ ಮೈ ಬಿಸಿಯಿರುತ್ತದೆ, ಒದ್ದೆಯನ್ನು ತಡೆದುಕೊಳ್ಳುತ್ತದೆ. ನಿಂತಾಗ ಮೈಯ ಬಿಸಿ ಉಳಿಸಲು ಒಣ ಬಟ್ಟೆ ಬಿಟ್ಟರೆ ಬೇರೇನೂ ಇಲ್ಲ. ಇದನ್ನು ನಾನು ಇಂಜಿನಿಯರಿಗೆ ಕನ್ನಡದಲ್ಲಿ ವಿವರಿಸಿದೆ.

“ನಿನ್ನೆ ಬೆವರಿನ ಒದ್ದೆ ಬಟ್ಟೇನ ಬೆಳಿಗ್ಗೆ ಎದ್ದು ಹಾಕ್ಕೋಬೇಕಾ ಅಕ್ಕ?” ಎಂದ. “ಅಮ್ಮನಿಗೆ ಗೊತ್ತಾದ್ರೆ ನನ್ನನ್ನ ಗೇಟ್ ಹತ್ರಾನೇ ನಿಲ್ಸಿ ಕೊಡದಲ್ಲಿ ನೀರು ಹುಯ್ತಾಳೆ.”

ನಕ್ಕುಬಿಟ್ಟೆ. ನಮ್ಮ ಮನೆಯಲ್ಲೂ ಹಾಗೆಯೇ. ಸ್ನಾನ ಮಾಡಿ ಒಗೆದ ಬಟ್ಟೆ ಉಡದೆ ನಾನು ಒಲೆ ಹಚ್ಚಿದ್ದಿಲ್ಲ. ಕ್ಯೋಟೋದ ಆರು ಚಾಪೆ ಹಿಡಿಸುವಷ್ಟು ಪುಟ್ಟ ಕೋಣೆಗೆ ಬಂದ ಮೇಲೂ ಆ ಅಭ್ಯಾಸ ಹೋಗಿರಲಿಲ್ಲ. ನಿಯಮವನ್ನು ಹೇಳಿದೆನೇ ಹೊರತು, ಅದು ಯಾಕೆ ಜೀವದ ಪ್ರಶ್ನೆ ಎಂಬುದನ್ನು ಅವನ ಮನಸ್ಸಿಗೆ ನಾಟುವಂತೆ ಹೇಳಲಿಲ್ಲ. ನನ್ನ ಮನಸ್ಸಿಗೇ ಅದು ನಾಟಿರಲಿಲ್ಲ.

ಹೊರಡುವ ಹಿಂದಿನ ದಿನ ಸೆನ್ಸೇ ತಪಾಸಣೆಯ ಪುಸ್ತಕ ಕೊಟ್ಟರು. ಪ್ರತಿ ಸಂಜೆ ಪ್ರತಿಯೊಬ್ಬರಿಗೂ ಒಂದು ಸಾಲು. ಬೂಟು, ಮೈಮೇಲಿನ ಬಟ್ಟೆ, ಮಲಗುವ ಚೀಲ, ಕುತ್ತಿಗೆಯ ಹಿಂಭಾಗ ಎಂದು ನಾಲ್ಕು ಕಾಲಂ. ಮೊದಲ ಮೂರಕ್ಕೆ ಒಣಗಿದೆ, ತೇವ, ಒದ್ದೆ ಇವುಗಳಲ್ಲೊಂದು, ಕುತ್ತಿಗೆಗೆ ಬಿಸಿ ಅಥವಾ ತಣ್ಣಗೆ. ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: “ಕೇಳಿ ಬರೆಯಬೇಡಿ. ಕೈಯಿಟ್ಟು ನೋಡಿ ಬರೆಯಿರಿ. ಯಾರೂ ಬೇಕೆಂದು ಸುಳ್ಳು ಹೇಳುವುದಿಲ್ಲ. ತಣ್ಣಗಾಗುತ್ತಿರುವ ಮನುಷ್ಯನಿಗೆ ತಾನು ತಣ್ಣಗಾಗುತ್ತಿದ್ದೇನೆ ಅನ್ನುವುದು ತಿಳಿಯುವುದಿಲ್ಲ, ಅಷ್ಟೇ.”

ಮಧ್ಯ ಜಪಾನಿನ ಎತ್ತರದ ಬೆಟ್ಟಗಳಲ್ಲಿ ಜೂನಿನಲ್ಲೂ ನೆರಳಿನ ಕಡೆ ಹಿಮ ಉಳಿದಿರುತ್ತದೆ. ಬೆನ್ನಿಗೆ ಹದಿನೆಂಟು ಕಿಲೋ ಹೊತ್ತು ಮೊದಲ ದಿನ ಆರು ಗಂಟೆ ಹತ್ತಿದೆವು. ತುಂತುರು ಬಿಟ್ಟರೆ ತೊಂದರೆಯಿರಲಿಲ್ಲ. ಸಂಜೆ ಜೌಗಿನ ಅಂಚಿನಲ್ಲಿ ಟೆಂಟು ಹಾಕಿ ನಾನು ಪುಸ್ತಕ ತೆಗೆದೆ. ಇಂಜಿನಿಯರಿನ ಮಲಗುವ ಚೀಲದೊಳಗೆ ಕೈಹಾಕಿ ನೋಡಿದೆ, ಕುತ್ತಿಗೆ ಮುಟ್ಟಿದೆ. “ಬಿಪಿನೂ ನೋಡ್ಬಿಡಿ ಡಾಕ್ಟ್ರೇ” ಎಂದು ತೋಳು ಚಾಚಿದ. ಸೆನ್ಪಾಯ್ ಟೆಂಟಿನ ಒಳಮೂಲೆಯಲ್ಲಿ ಆಗಲೇ ಚೀಲದೊಳಗೆ ಸೇರಿದ್ದರು. ನಾನು ಬಾಗಿಲಲ್ಲಿ ಮಂಡಿಯೂರಿ ತಡವರಿಸುವುದನ್ನು ನೋಡಿ ತಾವೇ ಕೈಯಾಡಿಸಿಕೊಂಡು, ಎಲ್ಲ ಒಣಗಿದೆ ಎಂದರು. ತಂದೆಯ ವಯಸ್ಸಿನವರ ಹಾಸಿಗೆಯೊಳಗೆ ಕೈಹಾಕುವ ಸಂಕೋಚ ತಪ್ಪಿತು ಎಂದು ನನಗೆ ಹಾಯೆನಿಸಿತು. ಅವರು ಹೇಳಿದ್ದನ್ನು ಬರೆದುಕೊಂಡೆ. ಆ ದಿನ ಅದು ನಿಜವೂ ಆಗಿತ್ತು.

ಎರಡನೆಯ ದಿನ ಎರಡು ಯಂತ್ರ ಹೂಳಿ, ಜೌಗು ದಾಟಿ, ಸಂಜೆಗೆ ಹೊಳೆಯಾಚೆ ಬೆಟ್ಟ ಹತ್ತುವವರಿಗೆಂದು ಇರುವ ತಂಗುಮನೆ ಸೇರುವುದು ನಮ್ಮ ಯೋಜನೆ. ಬೆಳಿಗ್ಗೆ ಮಳೆ ಹಿಡಿದಿತ್ತು. ಸೆನ್ಪಾಯ್ ನೀರು ತರಲು ಹೋಗಿದ್ದರು. ಇಂಜಿನಿಯರ್ ಟೆಂಟಿನಿಂದ ಹೊರಬಂದಾಗ ರೈನ್‌ಕೋಟಿನ ಕೊರಳಲ್ಲಿ ನೀಲಿ ಉಣ್ಣೆ ಕಾಣಿಸಿತು. ಕೆಂಪು ಚೀಲದ ಅಂಗಿ.

ಒಣ ಬಟ್ಟೆ ಹಾಕಿಕೊಂಡುಬಿಟ್ಟೆಯಾ ಎಂದು ಕೇಳಿದೆ.

“ನಿನ್ನೇದು ನಾರ್ತಾ ಇದೆ ಅಕ್ಕ. ಮೈಗೆ ತಗಲ್ಸಕ್ಕೇ ಆಗ್ಲಿಲ್ಲ,” ಎಂದ. “ಮೇಲೆ ರೈನ್‌ಕೋಟ್ ಇದೆಯಲ್ಲ, ಒದ್ದೆ ಆಗಲ್ಲ ಬಿಡಿ. ಸಂಜೆ ಹೆಂಗೂ ತಂಗುಮನೇಲಿ ಒಲೆ ಇರತ್ತೆ. ಸೆನ್ಪಾಯ್‌ಗೆ ಹೇಳ್ಬೇಡಿ, ಪಾಪ ಬೇಜಾರ್ ಮಾಡ್ಕೋತಾರೆ.”

ಅವನನ್ನು ಮತ್ತೆ ಟೆಂಟಿನೊಳಗೆ ಕಳಿಸಿ ಬಟ್ಟೆ ಬದಲಿಸಲು ಹೇಳಬೇಕಿತ್ತು. ಐದು ನಿಮಿಷದ ಕೆಲಸ. ನಾನು ಹೇಳಿದ್ದು, ಆಯ್ತು, ಹುಷಾರಾಗಿರು ಎಂದಷ್ಟೇ. ನನ್ನ ಮೈಮೇಲೆ ಆಗ ನಿನ್ನೆಯ ಅಂಗಿ ಬೆನ್ನಿಗೆ ಅಂಟಿ ತಣ್ಣಗೆ ಕೊರೆಯುತ್ತಿತ್ತು. ಅವನು ಮಾಡಿದ್ದು ತಪ್ಪೆಂದು ನನಗೆ ತಿಳಿದಿತ್ತು, ಆದರೆ ಒಳಗೊಳಗೇ ಅವನೇ ಸರಿಯೆನಿಸಿತ್ತು. ಸೆನ್ಪಾಯ್‌ಗೆ ಹೇಳಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಗಾಳಿ ಎದ್ದಿತು. ಜೌಗಿನ ಮೇಲೆ ಗಾಳಿಗೆ ಅಡ್ಡವಾಗಿ ಏನೂ ಇಲ್ಲ. ಮೊದಲ ಯಂತ್ರ ಹೂಳುವಾಗ ಬೆರಳುಗಳು ಮಡಚಿಕೊಳ್ಳಲಿಲ್ಲ, ತಿರುಪನ್ನು ಅಂಗೈಯಿಂದ ಒತ್ತಿ ತಿರುಗಿಸಿದೆವು. ಥರ್ಮಾಮೀಟರು ಐದು ಡಿಗ್ರಿ ತೋರಿಸುತ್ತಿತ್ತು. ಎರಡನೆಯ ಯಂತ್ರದತ್ತ ಹೋಗುವಾಗ, ಜೌಗಿನ ಮೇಲೆ ನಡೆಯಲು ಹಾಸಿದ್ದ ಹಲಗೆಯೊಂದು ಒಂದು ಬದಿಗೆ ವಾಲಿತ್ತು. ರಬ್ಬರ್ ಬೂಟಿನ ಅಟ್ಟೆಗೆ ಪಾಚಿಯ ಹಲಗೆ ಸಾಬೂನಿದ್ದಂತೆ. ಮುಂದೆ ಹೋಗುತ್ತಿದ್ದ ಇಂಜಿನಿಯರ್ ಸದ್ದಿಲ್ಲದೆ ಪಕ್ಕಕ್ಕೆ ಜಾರಿ ಕಪ್ಪು ನೀರಿನಲ್ಲಿ ಎದೆಯವರೆಗೆ ಇಳಿದುಹೋದ. ಬೆನ್ನಿನ ಭಾರ ಅವನನ್ನು ಹಿಂದಕ್ಕೆ ಎಳೆಯುತ್ತಿತ್ತು. ಸೆನ್ಪಾಯ್ ಭಾರ ಕಳಚಿಟ್ಟು ತಾವೂ ಇಳಿದರು. ಸೊಂಟ ಮುಳುಗುವ ನೀರಿನಲ್ಲಿ ನಿಂತು, ಅವನ ಹೆಗಲಪಟ್ಟಿ ಕತ್ತರಿಸಿ, ಅವನನ್ನು ಹಲಗೆಯ ಮೇಲೆ ದಬ್ಬಿದರು. ನಾನು ಕೊರಳಪಟ್ಟಿ ಹಿಡಿದು ಎಳೆದೆ. ಇದೆಲ್ಲ ಮುಗಿಯಲು ಹತ್ತು ನಿಮಿಷವಾಗಿರಬಹುದು.

ಎರಡನೆಯ ಯಂತ್ರ ಬಿಟ್ಟೆವು. ಇನ್ನು ಒಂದೇ ಗುರಿ, ಅವನನ್ನು ತಂಗುಮನೆಯ ಒಲೆಯ ಮುಂದೆ ಕೂರಿಸುವುದು. ಮೊದಲು ಅವನು ಹಲ್ಲು ಕಟಕಟಿಸುತ್ತಲೇ ಏನೋ ತಮಾಷೆ ಮಾಡುತ್ತಿದ್ದ. ಆಮೇಲೆ ಮಾತು ನಿಂತಿತು. ನೀರಿನಿಂದ ಎಳೆದ ಅವನ ಬೆನ್ನಚೀಲವನ್ನು ಸೆನ್ಪಾಯ್ ತಮ್ಮದರ ಮೇಲೆ ಹೊತ್ತರು. ಮೂರು ಗಂಟೆಗೆ ಹೊಳೆ ತಲುಪಿದಾಗ ಅದು ನಕ್ಷೆಯಲ್ಲಿದ್ದ ಹೊಳೆಯಾಗಿರಲಿಲ್ಲ. ಕಂದು ನೀರು ಕಲ್ಲುಗಳನ್ನು ಉರುಳಿಸುತ್ತಿತ್ತು, ಒಳಗಿನಿಂದ ಗುಡುಗುಡು ಸದ್ದು. ತಂಗುಮನೆ ಆಚೆ ದಡದಿಂದ ಇಪ್ಪತ್ತು ನಿಮಿಷ.

ಹಗ್ಗ ಕಟ್ಟಿಕೊಂಡು ದಾಟೋಣ ಎಂದು ನಾನು ಹಟ ಮಾಡಿದೆ. ಇವನನ್ನು ನೋಡಿ, ಇನ್ನೊಂದು ಗಂಟೆ ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದೆ. ಸೆನ್ಪಾಯ್ ಒಂದು ಉದ್ದನೆಯ ಕೊಂಬೆ ತೆಗೆದು ನೀರಿಗೆ ಎಸೆದರು. ಅದು ಎರಡು ಸಲ ಮುಳುಗಿ ಎದ್ದು ಕಲ್ಲಿಗೆ ಬಡಿದು ಮುರಿಯಿತು. “ಇಲ್ಲೇ ಟೆಂಟು ಹಾಕೋಣ” ಎಂದರು. ನನ್ನ ಮಾತು ನಡೆದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಅದು ಅವರ ತೀರ್ಮಾನ, ಸರಿಯಾದ ತೀರ್ಮಾನ.

ಬಂಡೆಯ ಮರೆಯಲ್ಲಿ ಟೆಂಟು ಹಾಕಿ ಇಂಜಿನಿಯರನ್ನು ಒಳಗೆ ಕೂರಿಸಿದೆವು. ಒದ್ದೆ ಬಟ್ಟೆ ಬಿಚ್ಚಿ, ಅವನ ಕೆಂಪು ಚೀಲ ಕೊಡಿ ಎಂದರು ಸೆನ್ಪಾಯ್. ಇಂಜಿನಿಯರ್ ನನ್ನ ಮುಖ ನೋಡಿದ. ಹೇಳಬೇಕಾದವಳು ನಾನೇ. ಬೆಳಿಗ್ಗೆಯೇ ಹಾಕಿಕೊಂಡಿದ್ದಾನೆ, ಈಗ ಬಿಚ್ಚುತ್ತಿರುವುದು ಅದೇ ಎಂದೆ.

ಸೆನ್ಪಾಯ್ ಬೈಯಲಿಲ್ಲ. ತಮ್ಮ ಕೆಂಪು ಚೀಲದ ಕೊಂಡಿ ಬಿಚ್ಚಿ ಅಂಗಿ, ಚಡ್ಡಿ, ಸಾಕ್ಸು, ಟೋಪಿ ಒಂದೊಂದಾಗಿ ಅವನಿಗೆ ತೊಡಿಸಿದರು. ಮಗುವಿಗೆ ತೊಡಿಸುವಂತೆ ತೋಳು ಎತ್ತಿ ಹಿಡಿದು ತೊಡಿಸಿದರು. ನಿಮಗೆ ಎಂದು ಕೇಳಿದೆ. “ನನಗೆ ಪುಕ್ಕದ ಚೀಲ ಇದೆಯಲ್ಲ” ಎಂದರು.

ನಾನು ಸ್ಟೌ ಹಚ್ಚಿ ಹಾಲಿನ ಪುಡಿ, ಸಕ್ಕರೆ ಕಲಸಿ ಕಾಯಿಸಿದೆ. ಇಂಜಿನಿಯರ್ ಎರಡು ಲೋಟ ಕುಡಿದ. ಸೆನ್ಪಾಯ್ ತಮ್ಮ ಲೋಟವನ್ನೂ ಅವನಿಗೇ ದಾಟಿಸಿದರು. ನಾನು ನೋಡಿದೆ, ಆಮೇಲೆ ಮತ್ತೆ ಕಾಯಿಸಿಕೊಡೋಣ ಎಂದುಕೊಂಡೆ. ಐದು ಗಂಟೆಗೆ ಇಂಜಿನಿಯರಿನ ಕುತ್ತಿಗೆ ಮುಟ್ಟಿದೆ, ಬಿಸಿಯಾಗಿತ್ತು. ಅವನ ನಾರಿನ ಚೀಲದೊಳಗೆ ಕೈಹಾಕಿದೆ, ತೇವವಿತ್ತು, ಆದರೆ ಬೆಚ್ಚಗಿತ್ತು. “ಅಕ್ಕ, ಬದುಕ್ಕೊಂಡೆ ಅನ್ಸತ್ತೆ” ಎಂದ. ಕಣ್ಣಲ್ಲಿ ನೀರು ಬಂದು ಹೊರಗೆ ಹೋದೆ. ಆ ಹೊತ್ತಿಗೆ ಅಪಾಯ ಕಳೆಯಿತು ಎಂದೇ ನಂಬಿದ್ದೆ. ಇಡೀ ಮಧ್ಯಾಹ್ನ ನಾನು ನೋಡುತ್ತಿದ್ದದ್ದು ಒಬ್ಬನನ್ನೇ.

ಸ್ವಲ್ಪ ಹೊತ್ತು ಬಿಟ್ಟು ಪುಸ್ತಕ ಹಿಡಿದು ಮತ್ತೆ ಅವರ ಟೆಂಟಿನ ಬಳಿ ಹೋದೆ. ಬಾಗಿಲು ಮುಚ್ಚಿತ್ತು. ಸೆನ್ಪಾಯ್ ಒದ್ದೆ ಬಟ್ಟೆಯಲ್ಲೇ ಚೀಲದೊಳಗೆ ಸೇರಿರಬಹುದು ಎಂಬುದು ನನಗೆ ಹೊಳೆದಿತ್ತು. ಬದಲಿಸಲು ಅವರ ಬಳಿ ಬೇರೇನೂ ಇರಲಿಲ್ಲ ಎಂಬುದನ್ನು ಕಣ್ಣಾರೆ ನೋಡಿದ್ದೆ. ಒದ್ದೆ ಬಟ್ಟೆಯ ನೀರನ್ನೆಲ್ಲ ಪುಕ್ಕ ಹೀರಿಕೊಂಡರೆ ಏನಾಗುತ್ತದೆ ಎಂಬುದನ್ನು ತೊಟ್ಟಿಯಲ್ಲಿ ನೆನೆಸಿ ನೋಡಿದವಳು ನಾನೇ. ಬಾಗಿಲ ಜಿಪ್ ಎಳೆದು, ಇಂಜಿನಿಯರನ್ನು ದಾಟಿ ಒಳಮೂಲೆಗೆ ತೆವಳಿ, ಅವರ ಹಾಸಿಗೆಯೊಳಗೆ ಕೈಹಾಕಿ, ಕುತ್ತಿಗೆ ಮುಟ್ಟಬೇಕಿತ್ತು. ಬಟ್ಟೆ ಬಿಚ್ಚಿ ಮಲಗಿದ್ದರೆ ಎಂಬ ಅಳುಕೂ ಬಂತು. ಬಟ್ಟೆಯ ಗೋಡೆಯ ಈಚೆಯಿಂದ ಕೇಳಿದೆ, ಒಣಗಿದೆಯಾ, ಚಳಿಯಾಗುತ್ತಿದೆಯಾ ಎಂದು.

“ದಾಯ್‌ಜೋಬು,” ಎಂದಿತು ಅವರ ದನಿ. ಪರವಾಗಿಲ್ಲ ಎಂದರ್ಥ. “ಒಣಗಿದೆ. ನೀವು ಹೋಗಿ ಮಲಗಿ.”

ಪುಸ್ತಕದಲ್ಲಿ ಅವರ ಸಾಲಿನಲ್ಲಿ ಮೂರು ಕಡೆ ‘ಒಣಗಿದೆ’ ಎಂದೂ, ಕುತ್ತಿಗೆಯ ಕಾಲಂನಲ್ಲಿ ‘ಬಿಸಿ’ ಎಂದೂ ಬರೆದೆ. ನನ್ನ ಟೆಂಟಿಗೆ ಹೋಗಿ, ನನ್ನ ಕೆಂಪು ಚೀಲ ಬಿಚ್ಚಿ, ಒಣ ಬಟ್ಟೆ ತೊಟ್ಟು ಮಲಗಿದೆ. ನನ್ನ ಅಂಗಿ ಅವರಿಗೆ ಆಗುತ್ತಿರಲಿಲ್ಲ. ಟೋಪಿ ಆಗುತ್ತಿತ್ತು. ನನ್ನ ನಾರಿನ ಚೀಲ ಆಗುತ್ತಿತ್ತು. ನಿದ್ದೆ ಬಂತು. ಗಾಢವಾದ ನಿದ್ದೆ. ಅದನ್ನೂ ಬರೆಯಬೇಕು.

ಬೆಳಗಾದ ಮೇಲೆ ಇಂಜಿನಿಯರಿನ ದನಿಗೆ ಎಚ್ಚರವಾಯಿತು. “ಅಕ್ಕ, ಬನ್ನಿ. ಇವ್ರು ಹೆಂಗೆಂಗೋ ಆಡ್ತಿದಾರೆ.”

ಸೆನ್ಪಾಯ್ ಎದ್ದು ಕೂತಿದ್ದರು. ಪುಕ್ಕದ ಚೀಲದ ಜಿಪ್ ಪೂರ್ತಿ ತೆರೆದಿತ್ತು. ಅಂಗಿಯ ಗುಂಡಿ ಬಿಚ್ಚಲು ನೋಡುತ್ತಿದ್ದರು, ಬೆರಳು ಗುಂಡಿಗೆ ತಾಕುತ್ತಲೇ ಇರಲಿಲ್ಲ. ನಡುಗುತ್ತಿರಲಿಲ್ಲ. ನಡುಕ ನಿಂತ ಮೇಲಿನ ಹಂತದ ಬಗ್ಗೆ ಓದಿದ್ದೆ: ಚಳಿ ಮಿತಿಮೀರಿದಾಗ ಮೈಗೆ ಸುಳ್ಳು ಸೆಕೆಯೆನಿಸುತ್ತದೆ. ಈಗ ಕುತ್ತಿಗೆ ಮುಟ್ಟಿದೆ. ಹೊಳೆಯ ಕಲ್ಲು ಮುಟ್ಟಿದಂತಾಯಿತು. ಚೀಲ ಮುಟ್ಟಿದೆ, ಹಿಂಡಿದರೆ ನೀರು ಬರುವಂತಿತ್ತು. ಅವರು ನನ್ನ ಕಡೆ ನೋಡಿ, ನಾಲಗೆ ತೊಡರುತ್ತ, “ಸೆಕೆ” ಎಂದರು. ಮತ್ತೆ ಮತ್ತೆ ಅದನ್ನೇ ಹೇಳಿದರು. ತುಂಬಾ ಸೆಕೆ.

ಒದ್ದೆ ಬಟ್ಟೆಯನ್ನೆಲ್ಲ ಕತ್ತರಿಸಿ ತೆಗೆದೆವು. ಆ ಬೆಳಿಗ್ಗೆ ನನಗೆ ಯಾವ ಸಂಕೋಚವೂ ಆಗಲಿಲ್ಲ. ನನ್ನ ಒಣ ಟೋಪಿ ಅವರ ತಲೆಗೆ ಹಾಕಿದೆ. ಎರಡು ನಾರಿನ ಚೀಲ ಒಂದರೊಳಗೊಂದು ತೂರಿಸಿ, ಇಂಜಿನಿಯರ್ ಅಂಗಿ ಬಿಚ್ಚಿ ಅವರೊಂದಿಗೆ ಒಳಗೆ ಸೇರಿ, ಬೆನ್ನಿನ ಕಡೆಯಿಂದ ತಬ್ಬಿ ಮಲಗಿದ. ನೀರು ಕಾಯಿಸಿ ಬಾಟಲಿಗಳಿಗೆ ತುಂಬಿ, ಬಟ್ಟೆ ಸುತ್ತಿ, ಕಂಕುಳಿಗೆ ಇಟ್ಟೆ. ಸಕ್ಕರೆ ನೀರು ಬಾಯಿಂದ ಹೊರಗೇ ಹರಿಯಿತು.

ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಹೊಳೆ ಇಳಿದಿರಲಿಲ್ಲ. ಇಂಜಿನಿಯರಿಗೆ ಅವರನ್ನು ಅಲುಗಿಸಬೇಡ, ಮಾತಾಡುತ್ತಿರು ಎಂದು ಹೇಳಿ ನಾನು ಬೆಟ್ಟದ ನೆತ್ತಿಯ ಕಡೆ ಹತ್ತಿದೆ. ಮುಕ್ಕಾಲು ಗಂಟೆಯ ಮೇಲೆ ಒಂದು ಕಡ್ಡಿ ಸಿಗ್ನಲ್ ಬಂತು. ಪೊಲೀಸರಿಗೆ ಫೋನು ಮಾಡಿ ಜಪಾನಿಯಲ್ಲಿ ಜಾಗ ಹೇಳಿದೆ. ಅಂಕಿಗಳಲ್ಲಿ ತಪ್ಪಾಗಬಾರದೆಂದು ಎರಡು ಸಲ ಹೇಳಿದೆ. ಮೋಡ ಇಳಿದಿರುವುದರಿಂದ ಹೆಲಿಕಾಪ್ಟರ್ ಬರಲಾಗದು, ತಂಗುಮನೆಯಿಂದ ಜನ ಹೊಳೆಗೆ ಹಗ್ಗ ಹಾಕಿ ಬರುತ್ತಾರೆ, ಮೂರು ನಾಲ್ಕು ಗಂಟೆ ಬೇಕು ಎಂದರು. ಇಳಿಯುವಾಗ ಎರಡು ಸಲ ಬಿದ್ದೆ.

ಟೆಂಟಿನ ಹತ್ತಿರ ಬರುವಾಗ ಇಂಜಿನಿಯರಿನ ಮಾತು ಕೇಳುತ್ತಿತ್ತು. ಅವನಿಗೆ ಬರುತ್ತಿದ್ದ ನಾಲ್ಕು ಜಪಾನಿ ಮಾತು ಯಾವಾಗಲೋ ಮುಗಿದುಹೋಗಿ ಕನ್ನಡದಲ್ಲಿ ಮಾತಾಡುತ್ತಿದ್ದ. ಮೈಸೂರಿಗೆ ಬನ್ನಿ ಸೆನ್ಪಾಯ್, ನಮ್ಮನೇಲಿ ಇರಿ, ಬಿಸಿಲು ಅಂದ್ರೆ ಏನೂಂತ ತೋರಿಸ್ತೀನಿ ಎನ್ನುತ್ತಿದ್ದ. ಸೆನ್ಪಾಯ್ ಕಣ್ಣು ಅರೆ ತೆರೆದಿತ್ತು. ಉಸಿರು ಒಂದು ಬಂದರೆ ಇನ್ನೊಂದಕ್ಕೆ ಕಾಯಬೇಕಿತ್ತು. ನಾನು ಅವರ ಕೈ ಹಿಡಿದು ಕೂತೆ. ಹತ್ತು ಗಂಟೆಯಾದ ಸ್ವಲ್ಪ ಹೊತ್ತಿಗೆ, ಮುಂದಿನ ಉಸಿರಿಗೆ ಕಾಯುತ್ತಲೇ ಇದ್ದೆವು. ಎದೆ ಒತ್ತಿದೆವು, ಬಾಯಿಗೆ ಗಾಳಿ ಊದಿದೆವು, ಸರದಿಯಲ್ಲಿ, ಒಂದು ಗಂಟೆಗೂ ಮೇಲೆ. ತಂಗುಮನೆಯವರು ಬಂದು ನಮ್ಮ ಭುಜ ಹಿಡಿದು ಸರಿಸಿದಾಗ ಮಳೆ ನಿಂತಿತ್ತು.

ಕೆಳಗಿನ ಊರಿನ ಪೊಲೀಸ್ ಠಾಣೆಯಲ್ಲಿ ಹೇಳಿಕೆ ತೆಗೆದುಕೊಂಡರು. ಇಂಜಿನಿಯರ್ ಎಲ್ಲ ತನ್ನ ಮೇಲೆ ಹಾಕಿಕೊಂಡ. ಬಟ್ಟೆಯ ವಿಷಯವನ್ನು ಮೊದಲ ವಾಕ್ಯದಲ್ಲೇ ಹೇಳಿದ. ಅಧಿಕಾರಿ ನನ್ನ ಪುಸ್ತಕ ಕೇಳಿ ಪಡೆದು, ಪುಟ ತಿರುವಿ, ಎರಡನೆಯ ಸಂಜೆಯ ಸಾಲಿನ ಮೇಲೆ ಬೆರಳಿಟ್ಟರು. ತಪಾಸಣೆ ಕ್ರಮಬದ್ಧವಾಗಿ ನಡೆದಿದೆ, ಆ ಹೊತ್ತಿಗೆ ಅವರು ಚೆನ್ನಾಗಿದ್ದರು, ಆಮೇಲೆ ಹದಗೆಟ್ಟಿದೆ ಎಂದರು. ನಾನು ಸುಮ್ಮನಿದ್ದೆ. ಕ್ಯೋಟೋದಿಂದ ಬಂದ ಸೆನ್ಸೇಯೂ ಆ ಪುಟ ನೋಡಿದರು. ಬಹಳ ಹೊತ್ತು ನೋಡಿ ಮುಚ್ಚಿದರು. ನಿಮ್ಮ ತಪ್ಪಲ್ಲ ಎಂದರು. ಅಲ್ಲೂ ಸುಮ್ಮನಿದ್ದೆ. ನಾನು ಬರೆದ ನಾಲ್ಕು ಸುಳ್ಳು ಮಾತು ನನ್ನನ್ನು ಕಾಪಾಡುತ್ತಿದ್ದವು.

ಸ್ವೀಡನ್ ಪ್ರಯಾಣವನ್ನು ಒಂದು ವರ್ಷ ಮುಂದೆ ಹಾಕಿದರು. ಪಟ್ಟಿಯನ್ನು ತಿದ್ದಿ ಕೊಟ್ಟೆ. ಪುಕ್ಕದ ಚೀಲ ತೆಗೆದುಹಾಕಿದೆ, ಇಡೀ ತಂಡಕ್ಕೆ ಹೆಚ್ಚುವರಿಯಾಗಿ ಇನ್ನೊಂದು ಕೆಂಪು ಚೀಲ ಸೇರಿಸಿದೆ, ಹಲಗೆಯ ಮೇಲೆ ಜಾರದಂತೆ ಬೂಟಿಗೆ ಕಟ್ಟುವ ಮೊಳೆಪಟ್ಟಿ ಸೇರಿಸಿದೆ. ನನ್ನ ಹೆಸರನ್ನು ತಂಡದಿಂದ ತೆಗೆಯಲು ಕೇಳಿಕೊಂಡೆ.

ಜಪಾನಿನಲ್ಲಿ ತೀರಿಕೊಂಡವರಿಗೆ ನಲವತ್ತೊಂಬತ್ತನೆಯ ದಿನ ಕರ್ಮ ಮಾಡುತ್ತಾರೆ. ಅದಾದ ವಾರ ಇಂಜಿನಿಯರ್ ಕಾವಾಸಾಕಿಯಿಂದ ಬಂದ. ತೂಕ ಇಳಿದಿತ್ತು. ಕೈಯಲ್ಲಿ ಒಂದು ಪೆಟ್ಟಿಗೆ. ಅವನು ಮೈಮೇಲೆ ತೊಟ್ಟು ಬೆಟ್ಟ ಇಳಿದ ಸೆನ್ಪಾಯ್ ಬಟ್ಟೆಗಳು. ಕೈಯಲ್ಲೇ ಒಗೆದು, ಇಸ್ತ್ರಿ ಮಾಡಿ, ಮಡಿಸಿ ಇಟ್ಟಿದ್ದ. ಅವರ ಹೆಂಡತಿಗೆ ಮುಖ ತೋರಿಸಲು ತನ್ನಿಂದಾಗುವುದಿಲ್ಲ ಎಂದ.

“ನೀವು ಕೊಟ್ಬಿಡಿ ಅಕ್ಕ. ನಾನು ಹಾಕ್ಕೊಂಡಿದ್ದು ಅವರ ಜೀವ ಕಣಕ್ಕ.”

ನಾನು ಕೈಯಿಟ್ಟು ನೋಡಲಿಲ್ಲ ಎಂಬುದನ್ನು ಆಗ ಅವನಿಗೆ ಹೇಳಿದೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಹೊರಟಾಗ ಪೆಟ್ಟಿಗೆಯನ್ನು ತಾನೇ ಹಿಡಿದು ಬಸ್ ಸ್ಟಾಪಿನವರೆಗೆ ಜತೆಗೆ ಬಂದ.

ಸೆನ್ಪಾಯ್ ಮನೆ ಊರಿನ ಉತ್ತರದ ಅಂಚಿನಲ್ಲಿ. ಅವರ ಹೆಂಡತಿ ನನ್ನನ್ನು ಒಳಗೆ ಕರೆದು, ಫೋಟೋದ ಮುಂದೆ ಊದುಬತ್ತಿ ಹಚ್ಚಲು ಬಿಟ್ಟು, ಚಹಾ ತಂದರು. ಪೆಟ್ಟಿಗೆ ತೆರೆದು ಅಂಗಿಯನ್ನು ಮುಖದ ಹತ್ತಿರ ಒಯ್ದು ಮೂಸಿದರು. “ಒಗೆದಿದ್ದೀರಿ” ಎಂದರು. ಮತ್ತೆ ಹಾಗೆಯೇ ಮಡಿಸಿ ಇಟ್ಟರು. ನಮ್ಮಲ್ಲಿ ಇನ್ನೊಬ್ಬರ ಬಟ್ಟೆಯನ್ನು ಒಗೆಯದೆ ಹಿಂದಿರುಗಿಸುವುದಿಲ್ಲ ಎಂದು ಹೇಳಹೊರಟು ನಿಲ್ಲಿಸಿದೆ.

ಪೆಟ್ಟಿಗೆ ಮುಚ್ಚಿ ಅವರು ಕೇಳಿದರು: “ಅವರಿಗೆ ಚಳಿಯಾಗಿತ್ತೇ?”

“ಕೊನೆಗೆ ಇರಲಿಲ್ಲ. ಸೆಕೆ ಎನ್ನುತ್ತಿದ್ದರು.”

“ಅದಕ್ಕೆ ಮೊದಲು?”

ಹೇಳಬೇಕೆಂದೇ ಬಂದಿದ್ದೆ. ಆದರೂ ಜಪಾನಿ ಮಾತುಗಳು ಒಂದೊಂದೂ ಕೈತಪ್ಪಿ ಹೋಗುತ್ತಿದ್ದವು. ಟೆಂಟಿನ ಹೊರಗೆ ನಿಂತು ಕೇಳಿದೆ, ಪರವಾಗಿಲ್ಲ ಎಂದರು, ಒಣಗಿದೆ ಎಂದರು, ನಾನು ಒಳಗೆ ಹೋಗಿ ನೋಡಲಿಲ್ಲ, ನೋಡಿದೆ ಎಂದು ಪುಸ್ತಕದಲ್ಲಿ ಬರೆದೆ, ಪೊಲೀಸರಿಗೂ ಸೆನ್ಸೇಗೂ ಇನ್ನೂ ಹೇಳಿಲ್ಲ, ನಾಳೆ ಹೇಳುತ್ತೇನೆ ಎಂದೆ. ಚಾಪೆಗೆ ಹಣೆ ತಾಗುವಂತೆ ಬಾಗಿದೆ. ಅವರು ಏಳಿ ಎನ್ನಲಿಲ್ಲ. ಹಿತ್ತಲ ಕಡೆಯ ಬಾಗಿಲು ತೆರೆದಿತ್ತು, ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. 

“ನನಗೂ ಹಾಗೇ ಹೇಳುತ್ತಿದ್ದರು,” ಎಂದಿತು ಕೊನೆಗೆ ಅವರ ದನಿ. “ಜ್ವರ ಬಂದಾಗಲೂ ದಾಯ್‌ಜೋಬು, ಬೆರಳು ಮುರಿದಾಗಲೂ ದಾಯ್‌ಜೋಬು. ಅದಕ್ಕೇ ನಾನು ಕೇಳುತ್ತಲೇ ಇರಲಿಲ್ಲ. ಹಣೆ ಮುಟ್ಟಿ ನೋಡುತ್ತಿದ್ದೆ.”